ಕಟ್‌ಔಟ್ ತಿರುಗಿಸಿದ ರಾತ್ರಿ

ಪತ್ರಿಕೆಯ ಕ್ರೀಡಾ ಡೆಸ್ಕಿನಲ್ಲಿ ಇಷ್ಟು ವರ್ಷ ಕಳೆದ ಮೇಲೂ, ಪುಟ ಕಟ್ಟುವಾಗ ಯಾರಾದರೂ ‘ಕಟ್‌ಔಟ್’ (ಹಿನ್ನೆಲೆ ಕತ್ತರಿಸಿ ತೆಗೆದ ಚಿತ್ರ) ಎಂದರೆ ನನ್ನ ಕಿವಿ ಬಿಸಿಯಾಗುತ್ತದೆ. ಕೆಲವು ವರ್ಷಗಳ ಹಿಂದಿನ ಒಂದು ಶುಕ್ರವಾರ ರಾತ್ರಿ, ಭಾನುವಾರದ ಪುರವಣಿಗೆ ಒಪ್ಪಿಕೊಂಡಿದ್ದ ಲೇಖನ ಕೈಕೊಟ್ಟಿತು. ಆ ಜಾಗಕ್ಕೆ ಏಜೆನ್ಸಿ ಕಾಪಿಯಿಂದ, ಅಂದರೆ ಸುದ್ದಿಸಂಸ್ಥೆ ಕಳುಹಿಸಿದ ಬರಹದಿಂದ, ಕೆನಡಾದ ಕ್ಲಿಫ್ ಡೈವರ್ (ಎತ್ತರದ ಬಂಡೆ, ವೇದಿಕೆಗಳಿಂದ ನೀರಿಗೆ ಹಾರುವವರು) ಲಿಸಾನ್ ರಿಶಾರ್ ಅವರ ಕಥೆಯನ್ನು ನಾನೇ ಎತ್ತಿಕೊಂಡೆ. ಸರ್ಕಸ್ ಕಲಾವಿದೆಯಾಗಿದ್ದು ಸ್ಪರ್ಧೆಗಿಳಿದವರು, ಮೂರು ಮಕ್ಕಳ ತಾಯಿ, 2016ರಲ್ಲಿ ಅಬುಧಾಬಿಯಲ್ಲಿ ಹೈ ಡೈವಿಂಗ್ ವಿಶ್ವಕಪ್ ಗೆದ್ದವರು. ಆಮೇಲೆ ಕುತ್ತಿಗೆಯ ಗಾಯದಿಂದಾಗಿ ಸ್ಪರ್ಧೆಯಿಂದ ದೂರ ಉಳಿದು, ಮತ್ತೆ ಡೈವಿಂಗ್ ವೇದಿಕೆ ಹತ್ತಿದವರು. ಪುರವಣಿಗೆ ಇದಕ್ಕಿಂತ ಬೇರೇನು ಬೇಕು?

ನಾನು ಡೈವಿಂಗ್ ಬಗ್ಗೆ ತಿಳಿದವನೆಂಬ ಹಮ್ಮು ನನಗಿತ್ತು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಡೈವರ್ ಗ್ರೆಗ್ ಲುಗಾನಿಸ್ ಅವರ ತಲೆ ಸ್ಪ್ರಿಂಗ್‌ಬೋರ್ಡ್‌ಗೆ ಬಡಿದುದು, ಹೊಲಿಗೆ ಹಾಕಿಸಿಕೊಂಡು ಮರಳಿ ಬಂದು ಅವರು ಚಿನ್ನ ಗೆದ್ದದ್ದು ಎಲ್ಲವೂ ನನಗೆ ಬಾಯಿಪಾಠ. ಆದರೆ ನನಗೆ ಗೊತ್ತಿದ್ದುದು ಈಜುಕೊಳದ ಡೈವಿಂಗ್. ಅಲ್ಲಿ ಅತಿ ಎತ್ತರವೆಂದರೆ 10 ಮೀಟರ್, ಸಾಮಾನ್ಯವಾಗಿ ಕೈಗಳೇ ಮೊದಲು ನೀರನ್ನು ಸೀಳುತ್ತವೆ. ಹೈ ಡೈವಿಂಗ್‌ನಲ್ಲಿ ಮಹಿಳೆಯರು 20 ಮೀಟರ್, ಪುರುಷರು 27 ಮೀಟರ್ ಎತ್ತರದಿಂದ ಹಾರುತ್ತಾರೆ. ಎರಡು ಸೆಕೆಂಡಿನಲ್ಲಿ 20 ಮೀಟರ್ ಇಳಿದು ನೀರು ತಲುಪುವಾಗ ದೇಹದ ವೇಗ ಗಂಟೆಗೆ 70 ಕಿ.ಮೀ. ಮುಟ್ಟಿರುತ್ತದೆ. ಆ ವೇಗದಲ್ಲಿ ತಲೆ ಕೊಟ್ಟರೆ ಪೆಟ್ಟಿನ ಅಪಾಯ ತೀರಾ ಹೆಚ್ಚೆಂದೇ ಗಾಳಿಯಲ್ಲಿ ಎಷ್ಟು ಲಾಗ ಹಾಕಿದರೂ ಕೊನೆಯ ಕ್ಷಣದಲ್ಲಿ ಮೈಯನ್ನು ನೆಟ್ಟಗೆ ತಿರುಗಿಸಿ, ಪಾದಗಳನ್ನು ಮುಂದೆ ಮಾಡಿ ನೀರಿಗಿಳಿಯುತ್ತಾರೆ. ಏಜೆನ್ಸಿ ಕಾಪಿಯಲ್ಲಿ ಈ ಮಾತು ಸ್ಪಷ್ಟವಾಗಿಯೇ ಇತ್ತು. ಎರಡು ಕಾಲಂಗೆ ಮ್ಯಾಟರ್ ಹೆಚ್ಚಾಯಿತೆಂದು ನಾನು ಕತ್ತರಿಸಿದ ಮೊದಲ ವಾಕ್ಯವೇ ಅದು.

ಹನ್ನೊಂದೂ ಇಪ್ಪತ್ತಕ್ಕೆ ಪುಟವನ್ನು ಮುದ್ರಣಕ್ಕೆ ಬಿಡಬೇಕಿತ್ತು. ಹನ್ನೊಂದಕ್ಕೆ ವಿನ್ಯಾಸಕ ಕರೆದು, “ಸಾರ್, ಹಿನ್ನೆಲೆ ತೆಗೆದು ಕಟ್‌ಔಟ್ ಮಾಡಿದ್ದೀನಿ, ಆದ್ರೆ ಇವ್ರು ನಿಂತ ಹಾಗೆ ಕಾಣ್ತಾರೆ, ಹಾರಿದ ಹಾಗೆ ಕಾಣ್ತಿಲ್ಲ” ಎಂದ. ಪರದೆಯ ಮೇಲೆ ಆಕೆ ನಿಜಕ್ಕೂ ಕಂಬದಂತೆ ನೆಟ್ಟಗಿದ್ದರು. ಪಾದದ ತುದಿಗಳು ಕೆಳಗೆ ಚೂಪಾಗಿದ್ದವು, ಕೈಗಳು ತೊಡೆಗೆ ಅಂಟಿದ್ದವು. ಏಜೆನ್ಸಿಯವರು ಚಿತ್ರವನ್ನು ತಲೆಕೆಳಗಾಗಿ ಕಳುಹಿಸಿದ್ದಾರೆ ಎಂದು ನನಗೆ ಅನಿಸಿತು. ಅನಿಸಿತು ಎನ್ನುವುದಕ್ಕಿಂತ ಖಚಿತವಾಯಿತು ಎನ್ನಬೇಕು. ಮೂಲ ಚಿತ್ರವನ್ನು ತೆರೆದು ನೀರು ಯಾವ ಬದಿಗಿದೆ ಎಂದು ನೋಡಲು ಅರ್ಧ ನಿಮಿಷ ಸಾಕಿತ್ತು. ಆದರೆ ಹೊಸ ಸಾಫ್ಟ್‌ವೇರ್ ಬಂದಂದಿನಿಂದ ದೊಡ್ಡ ಚಿತ್ರವೊಂದನ್ನು ತೆರೆದರೆ ಇಡೀ ಪುಟ ಹೆಪ್ಪುಗಟ್ಟುತ್ತಿತ್ತು. “ತಿರುಗಿಸಪ್ಪ” ಎಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಆ ನೋಟಕ್ಕೆ ನಾನು ನಿಲ್ಲಬೇಕಿತ್ತು; ನಿಲ್ಲಲಿಲ್ಲ. ಅಷ್ಟಕ್ಕೇ ಬಿಡದೆ, ಚಿತ್ರಕ್ಕೂ ಬರಹಕ್ಕೂ ಹೊಂದಾಣಿಕೆಯಾಗಲೆಂದು, ತಲೆ ಮೊದಲಾಗಿ ಧುಮುಕಿದಾಗ ನೀರು ಬಡಿದು ಕುತ್ತಿಗೆಗೆ ಪೆಟ್ಟಾಯಿತು ಎಂಬ ವಾಕ್ಯವೊಂದನ್ನು ಸ್ವಂತವಾಗಿ ಸೇರಿಸಿ ಪುಟ ಬಿಟ್ಟೆ. ಕರಡು ತಿದ್ದುವ ಹುದ್ದೆಗಳನ್ನು ಆಡಳಿತ ಅದರ ಹಿಂದಿನ ವರ್ಷವೇ ರದ್ದು ಮಾಡಿದ್ದರಿಂದ ನನ್ನ ನಂತರ ಆ ಪುಟವನ್ನು ಓದಿದ್ದು ಮುದ್ರಣಯಂತ್ರ ಮಾತ್ರ.

ಸೋಮವಾರ ಬೆಳಿಗ್ಗೆ ನಿವೃತ್ತ ಈಜು ತರಬೇತುದಾರರೊಬ್ಬರು ಕಚೇರಿಗೆ ಫೋನ್ ಮಾಡಿದರು. ಬೈಯಲಿಲ್ಲ. “ಸ್ವಾಮಿ, ಪೇಪರ್ ಎದುರಿಗಿದೆಯೇ? ಕೂದಲು ನೋಡಿ” ಎಂದರು. ನೋಡಿದೆ. ಜುಟ್ಟಿನಿಂದ ಬಿಡಿಸಿಕೊಂಡ ನಾಲ್ಕಾರು ಎಳೆಗಳು ನೆತ್ತಿಯಿಂದಾಚೆ, ನೆಲದ ಕಡೆಗೆ ಚಾಚಿಕೊಂಡಿದ್ದವು. ತಲೆ ಕೆಳಗಾಗಿ ಬೀಳುವವರ ಕೂದಲು ಗಾಳಿಗೆ ಕಾಲಿನ ಕಡೆ ಹಾರಬೇಕು. ಇದು ಪಾದ ಮುಂದಾಗಿ ಇಳಿಯುವಾಗ ನೆತ್ತಿಯ ಮೇಲೆ ಎದ್ದು ನಿಂತ ಕೂದಲು. ಅವರು ಮುಂದುವರಿದು, ಪಾದದಲ್ಲಿ ಇಳಿದರೂ ನೀರು ದೇಹವನ್ನು ಒಮ್ಮೆಲೇ ತಡೆಯುವುದರಿಂದ ಆ ಹೊಡೆತ ಕಾಲಿನಿಂದ ಬೆನ್ನುಮೂಳೆಯುದ್ದಕ್ಕೂ ಏರುತ್ತದೆ, ಮೈ ತುಸು ವಾಲಿದ್ದರೂ ಕುತ್ತಿಗೆ ಜಗ್ಗುತ್ತದೆ, ಆದ್ದರಿಂದ ಗಾಯಗೊಂಡವರು ಮತ್ತೆ ಕಡಿಮೆ ಎತ್ತರದಿಂದಲೇ ಆರಂಭಿಸಿ ಮೆಟ್ಟಿಲು ಮೆಟ್ಟಿಲಾಗಿ ಏರಬೇಕಾಗುತ್ತದೆ ಎಂದು ತಾಳ್ಮೆಯಿಂದ ವಿವರಿಸಿದರು. ನಾನು ಬರೆಯಬೇಕಿದ್ದ ಲೇಖನ ಅದು. ಕೊನೆಗೆ, “ಅವರಿಗೆ ಪೆಟ್ಟಾದ ಬಗೆಯನ್ನು ನಿಮಗೆ ಹೇಳಿದವರು ಯಾರು?” ಎಂದು ಕೇಳಿದರು. ಏಜೆನ್ಸಿ ಎಂದೆ.

ಆ ಸುಳ್ಳು, ಚಿತ್ರ ತಿರುಗಿಸಿದ್ದಕ್ಕಿಂತ ಹೆಚ್ಚು ನಾಚಿಕೆಗೇಡಿನದು. ಈಗ ಪುಟ ಎಷ್ಟೇ ತಡವಾದರೂ ಮೂಲ ಚಿತ್ರ ತೆರೆಯುತ್ತೇನೆ, ಸಾಫ್ಟ್‌ವೇರ್ ಹೆಪ್ಪುಗಟ್ಟಿದರೆ ಗಟ್ಟಲಿ. ವಿನ್ಯಾಸಕ ಮುಖ ನೋಡಿದರೆ ಏನೆಂದು ಕೇಳುತ್ತೇನೆ. ಚಿತ್ರ ತಪ್ಪಾಗಿ ಮುದ್ರಣಗೊಂಡಿದೆ ಎಂಬ ಮೂರು ಸಾಲಿನ ತಿದ್ದುಪಡಿ ಮಂಗಳವಾರ ಒಳಪುಟದ ಮೂಲೆಯಲ್ಲಿ ಬಂತು. ಪೆಟ್ಟಾದ ಬಗೆಯ ವಾಕ್ಯದ ಬಗ್ಗೆ ಯಾರೂ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಇ-ಪೇಪರಿನ ಹಳೆಯ ಸಂಚಿಕೆಯಲ್ಲಿ ಅದು ಹಾಗೆಯೇ ಇದೆ.