ಸಹಿ ಕೋಲಾರದಲ್ಲಿ, ತಪಾಸಣೆ ದೇವನಹಳ್ಳಿಯಲ್ಲಿ

ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಿಂದ ಪೇಂಟ್, ಥಿನ್ನರ್ ವಿಮಾನದಲ್ಲಿ ಕಳಿಸುವವರಿಗೆ ಮೊದಲು ಗೊತ್ತಿರಬೇಕಾದ ವಿಷಯ ಇದು: ಅಪಾಯಕಾರಿ ಸರಕಿನ ವಿವರ ಬರೆದು ಕಳಿಸುವವರೇ ಸಹಿ ಹಾಕುವ ಫಾರಂ, ಅಂದರೆ ಶಿಪ್ಪರ್ಸ್ ಡಿಕ್ಲರೇಷನ್‌ನಲ್ಲಿ ತಪ್ಪಿದ್ದರೆ ಏರ್‌ಪೋರ್ಟ್‌ನಲ್ಲಿರುವ ಏಜೆಂಟ್ ಅದನ್ನು ತಿದ್ದುವಂತಿಲ್ಲ. ಏರ್ ವೇಬಿಲ್ (ವಿಮಾನ ಸರಕಿನ ರಸೀದಿ) ನಂಬರ್, ಹೊರಡುವ ಮತ್ತು ತಲುಪುವ ಏರ್‌ಪೋರ್ಟ್‌ಗಳ ಹೆಸರನ್ನು ಅವರು ತುಂಬಬಹುದು. ಸರಕಿನ ವಿವರದಲ್ಲಿ ಏನು ತಿದ್ದಿದರೂ ಫಾರಂಗೆ ಸಹಿ ಹಾಕಿದವರೇ ಅಲ್ಲಿ ಅದೇ ಸಹಿ ಹಾಕಬೇಕು. ಅವರು ಕೋಲಾರದಲ್ಲಿ, ಸರಕು ದೇವನಹಳ್ಳಿಯಲ್ಲಿ. ಸರಕು ಪಡೆಯುವ ಮುಂಚೆ ಅಲ್ಲಿ ತಪಾಸಣೆ ಮಾಡುವ ಚೆಕ್‌ಲಿಸ್ಟ್‌ನಲ್ಲಿ ಒಂದೇ ಒಂದು ‘ನೋ’ ಬಿದ್ದರೂ ಸರಕು ತೆಗೆದುಕೊಳ್ಳುವುದಿಲ್ಲ.

ಇನ್‌ವಾಯ್ಸ್ ನೋಡಿ ಫಾರಂ ತುಂಬಬೇಡಿ. ಎಸ್‌ಡಿಎಸ್‌ನ (ಸರಕಿನ ಸುರಕ್ಷತಾ ಮಾಹಿತಿ ಪತ್ರ) ಸಾಗಣೆ ವಿವರವಿರುವ 14ನೇ ಭಾಗ, ಆ ವರ್ಷದ ಐಎಟಿಎ ಡಿಜಿಆರ್ ಪುಸ್ತಕ (ಅಪಾಯಕಾರಿ ಸರಕಿನ ವಿಮಾನ ಸಾಗಣೆ ನಿಯಮಗಳು), ಎರಡೂ ಮೇಜಿನ ಮೇಲಿರಲಿ. ಪುಸ್ತಕ ಪ್ರತಿ ಜನವರಿ 1ಕ್ಕೆ ಬದಲಾಗುತ್ತದೆ. 14ನೇ ಭಾಗದಲ್ಲಿ ಹಡಗಿನ ವಿವರವೂ ಇರುತ್ತದೆ, ಅವಸರದಲ್ಲಿ ಅದೇ ಸಾಲು ನಕಲಾಗಿಬಿಡುತ್ತದೆ.

ಬರೆಯುವ ಕ್ರಮ ಹೀಗೆ: ಯುಎನ್ 1263 (ಸರಕಿನ ಅಂತರರಾಷ್ಟ್ರೀಯ ನಂಬರ್), ಪೇಂಟ್, ಕ್ಲಾಸ್ 3 (ಬೆಂಕಿ ಹೊತ್ತುವ ದ್ರವ), ಪ್ಯಾಕಿಂಗ್ ಗ್ರೂಪ್ (ಅಪಾಯ ಎಷ್ಟೆಂಬ ದರ್ಜೆ), ಆಮೇಲೆ ಪ್ರಮಾಣ, ಪ್ಯಾಕಿಂಗ್ ಇನ್‌ಸ್ಟ್ರಕ್ಷನ್ (ಪ್ಯಾಕ್ ಮಾಡುವ ನಿಯಮದ ಸಂಖ್ಯೆ). ಥಿನ್ನರ್‌ಗೂ ನಂಬರ್ ಇದೇ, ಹೆಸರು ಮಾತ್ರ ‘ಪೇಂಟ್ ರಿಲೇಟೆಡ್ ಮೆಟೀರಿಯಲ್’. ಕಂಪನಿಯ ಬ್ರಾಂಡ್ ಹೆಸರನ್ನು ಇದರ ಬದಲಿಗೆ ಬರೆದರೆ ನಡೆಯುವುದಿಲ್ಲ. ಗ್ರೂಪ್ ತೀರ್ಮಾನವಾಗುವುದು ಮುಖ್ಯವಾಗಿ ಫ್ಲ್ಯಾಶ್ ಪಾಯಿಂಟ್ ಮೇಲೆ, ಅಂದರೆ ಆವಿಗೆ ಬೆಂಕಿ ಹತ್ತಬಲ್ಲ ಅತಿ ಕಡಿಮೆ ಉಷ್ಣತೆಯ ಮೇಲೆ. 23 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿದ್ದು, ಕುದಿಯಲು ಶುರುವಾಗುವುದು 35 ಡಿಗ್ರಿಯ ಮೇಲಾದರೆ ಸಾಮಾನ್ಯವಾಗಿ ಎರಡನೇ ಗ್ರೂಪ್.

ಹೆಚ್ಚು ಎಡವುವುದು ಪ್ರಮಾಣದ ಕಾಲಂನಲ್ಲಿ. ಅಲ್ಲಿ ಬೇಕಿರುವುದು ಒಂದೊಂದು ಪೆಟ್ಟಿಗೆಯೊಳಗಿನ ದ್ರವದ ನಿವ್ವಳ ಲೀಟರ್. ಇನ್‌ವಾಯ್ಸ್‌ನ ಒಟ್ಟು ಕಿಲೋ ಅಲ್ಲ. 4 ಲೀಟರ್‌ನ ಎರಡು ಪೆಟ್ಟಿಗೆಗೆ ‘2 ಫೈಬರ್‌ಬೋರ್ಡ್ ಬಾಕ್ಸ್ x 4 ಲೀ’ ಎಂದು ಇಂಗ್ಲಿಷಿನಲ್ಲಿ ಬರೆಯಬೇಕು. ಎರಡನೇ ಗ್ರೂಪ್‌ನ ಪೇಂಟ್ ಪ್ರಯಾಣಿಕರ ವಿಮಾನದಲ್ಲಿ ಪೆಟ್ಟಿಗೆಗೆ 5 ಲೀಟರ್ ಮೀರುವಂತಿಲ್ಲ, ಇನ್‌ಸ್ಟ್ರಕ್ಷನ್ 353. ಸರಕು ವಿಮಾನಕ್ಕೆ ಮಾತ್ರವಾದರೆ 60 ಲೀಟರ್‌ವರೆಗೆ, 364. ಇಲ್ಲಿ 364 ಬರೆದು, ಫಾರಂನ ಮೇಲ್ಭಾಗದಲ್ಲಿ ಅನ್ವಯಿಸದ ವಿಮಾನವನ್ನು ಹೊಡೆದುಹಾಕುವ ಕಡೆ ‘ಕಾರ್ಗೋ ಏರ್‌ಕ್ರಾಫ್ಟ್ ಓನ್ಲಿ’ಯನ್ನೇ ಹೊಡೆದುಹಾಕಿದರೆ ಒಂದೇ ಫಾರಂ ಎರಡು ಮಾತಾಡಿದಂತೆ.

ಪೆಟ್ಟಿಗೆಯ ಮೇಲೆ ಅಚ್ಚಾಗಿರುವ 4ಜಿ (ಪರೀಕ್ಷೆ ಪಾಸಾದ ಫೈಬರ್‌ಬೋರ್ಡ್ ಬಾಕ್ಸ್) ಗುರುತನ್ನೂ ಓದಿ. ‘ವೈ’ ಇದ್ದರೆ ಎರಡನೇ, ಮೂರನೇ ಗ್ರೂಪ್‌ಗೆ ಸರಿ. ‘ಝಡ್’ ಮೂರನೆಯದಕ್ಕೆ ಮಾತ್ರ. ಅದರ ಮುಂದಿನ ಸಂಖ್ಯೆ ಆ ಪೆಟ್ಟಿಗೆಯ ಗರಿಷ್ಠ ಒಟ್ಟು ತೂಕ, ಕಿಲೋಗಳಲ್ಲಿ. ತುಂಬಿದ ಪೆಟ್ಟಿಗೆಯನ್ನು ತೂಕಕ್ಕಿಟ್ಟೇ ನೋಡಬೇಕು. ಒಳಗಿನ ಡಬ್ಬಿಯನ್ನು ಕಂಠಪೂರ್ತಿ ತುಂಬಿಸಬಾರದು, 55 ಡಿಗ್ರಿ ಬಿಸಿಗೂ ಒಳಗೆ ಜಾಗ ಉಳಿದಿರಬೇಕು. ಮೇಲೆ ಗಾಳಿಯ ಒತ್ತಡ ಇಳಿಯುವುದರಿಂದ ಎರಡನೇ ಗ್ರೂಪ್‌ನ ಡಬ್ಬಿ 95 ಕಿಲೋಪಾಸ್ಕಲ್ ಒತ್ತಡದ ವ್ಯತ್ಯಾಸ ತಡೆಯಬೇಕು. ಮುಚ್ಚಳ ಸಡಿಲವಿದ್ದರೆ ಸೋರುವುದು ಅಲ್ಲಿಯೇ.

ಕಂಪ್ಯೂಟರ್ ಮುಂದೆ ಕೂತು ಸಹಿ ಹಾಕುವುದನ್ನು ಬಿಡಿಸಬೇಕು. ಡಿಜಿ (ಅಪಾಯಕಾರಿ ಸರಕಿನ) ತರಬೇತಿ ಪಡೆದವರು ಫಾರಂ ಹಿಡಿದು ಪೆಟ್ಟಿಗೆ ಪಕ್ಕ ನಿಲ್ಲಲಿ, ಇನ್ನೊಬ್ಬರು ಪೆಟ್ಟಿಗೆಯ ಮೇಲಿರುವುದನ್ನು ಗಟ್ಟಿಯಾಗಿ ಓದಲಿ, ಆಮೇಲೆ ಸಹಿ. ತರಬೇತಿಯನ್ನು 24 ತಿಂಗಳೊಳಗೆ ನವೀಕರಿಸಿರಬೇಕು. ಪ್ರಿಂಟ್ ಕಲರ್‌ನಲ್ಲೇ ತೆಗೆಯಿರಿ, ಅಂಚಿನ ಓರೆಗೆರೆ ಕೆಂಪಾಗಿರಬೇಕು. ಸಹಿ ಮಾಡಿದ ಎರಡು ಪ್ರತಿ ಲಾರಿಯ ಜೊತೆ ಹೋಗಲಿ, ಇನ್ನೊಂದು ಫೈಲ್‌ನಲ್ಲಿ ಕನಿಷ್ಠ ಮೂರು ತಿಂಗಳು ಇರಲಿ.