ಪೈಲ್ವಾನನ ಜೊತೆ ಜೂಡೋ

ಧಾರವಾಡದಲ್ಲಿ ಓದಿದವರು ನೆನಪು ಬರೆಯಲು ಕೂತರೆ ಕವಿತೆ, ಸಂಗೀತ, ಪೇಡೆ, ಮಳೆ ಎಲ್ಲಾ ಬರುತ್ತವೆ. ನನಗೆ ಮಳೆ ಅಂದರೆ ಒಣಗದ ಜೂಡೋ ಅಂಗಿಯ ವಾಸನೆ. ಅದು ಸಾಮಾನ್ಯ ಅಂಗಿಯಲ್ಲ. ಎಷ್ಟು ಎಳೆದಾಡಿದರೂ ಹರಿಯಬಾರದು ಅಂತ ದಪ್ಪ ಹತ್ತಿ ನೂಲಿನಲ್ಲಿ ನೇಯ್ದಿರುತ್ತಾರೆ, ಕಾಲರ್ ಅಂತೂ ಇನ್ನೂ ದಪ್ಪ. ಜುಲೈ ಆಗಸ್ಟ್‌ನಲ್ಲಿ ಹಾಸ್ಟೆಲ್ ವರಾಂಡದ ಹಗ್ಗಕ್ಕೆ ಹಾಕಿದರೆ ಒಣಗುವ ಮಾತೇ ಇಲ್ಲ. ಹಸಿ ಅಂಗಿಯನ್ನೇ ಏರಿಸಿಕೊಂಡು ಜಿಮಖಾನಾಕ್ಕೆ ಹೋಗುತ್ತಿದ್ದೆವು. ನನ್ನ ರೂಮ್‌ಮೇಟ್ ಕಿಟಕಿ ತೆರೆದಿಟ್ಟೇ ಮಲಗುತ್ತಿದ್ದ, ಪಾಪ.

ತೊಂಬತ್ತರ ದಶಕದ ಕೊನೆಯ ಮಾತು. ಆಗ ನಮಗೆ ಜಪಾನಿನ ಚಾಪೆ ಎಲ್ಲಿಂದ ಬರಬೇಕು? ಹಳೆಯ ಫೋಮ್ ಗಾದಿಗಳನ್ನು ಒತ್ತಾಗಿ ಜೋಡಿಸಿ, ಮೇಲೆ ತಾಡಪತ್ರಿ ಬಿಗಿದಿದ್ದರು. ಅದರ ಮೇಲೆ ಕಾಲೆಳೆದರೆ ಹೆಬ್ಬೆರಳ ತೊಗಲು ಕಿತ್ತು ಬರುತ್ತಿತ್ತು. ಸರ್ ಬಹಳ ದಿನ ಬೀಳುವುದನ್ನು ಬಿಟ್ಟು ಬೇರೇನೂ ಕಲಿಸಲಿಲ್ಲ. ಹಿಂದಕ್ಕೆ ಬೀಳು, ಬಲಕ್ಕೆ ಬೀಳು, ಎಡಕ್ಕೆ ಬೀಳು. ಬೀಳುವಾಗ ಗದ್ದ ಎದೆಗೆ ಹತ್ತಿರ ಇರಬೇಕು, ಬೆನ್ನು ನೆಲ ಮುಟ್ಟುವ ಹೊತ್ತಿಗೆ ಇಡೀ ಕೈಯಿಂದ ಗಾದಿಗೆ ಹೊಡೆಯಬೇಕು. "ತಮ್ಮಾ, ಬೆಲ್ಟಿನ ಗಂಟು ನೋಡು, ಛಾವಣಿ ನೋಡಬ್ಯಾಡ" ಅನ್ನುತ್ತಿದ್ದರು. ಛಾವಣಿ ನೋಡಿದವನ ತಲೆಯ ಹಿಂಭಾಗ ನೆಲಕ್ಕೆ ಬಡಿಯುತ್ತದೆ, ಅಷ್ಟೇ ವಿಷಯ.

ನಾನು 60 ಕಿಲೋ ಒಳಗಿನ ವಿಭಾಗದವನು. ಊಟ ಮಾಡಿ ತಕ್ಕಡಿ ಹತ್ತಿದರೂ ಅದನ್ನು ಮುಟ್ಟುತ್ತಿರಲಿಲ್ಲ. ಪೈಲ್ವಾನ ನೂರು ದಾಟಿದವನು. ಹಾವೇರಿ ಕಡೆಯ ಹಳ್ಳಿಯ ಹುಡುಗ, ಗರಡಿ ಮನೆಯ ಕೆಮ್ಮಣ್ಣಿನಲ್ಲಿ ಬೆಳೆದವನು. ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಮತ್ತೆಲ್ಲೂ ಕೇಳಿಸಲಿಲ್ಲ. ಖಾನಾವಳಿಯಲ್ಲಿ ಅವನು ಬಂದು ಕೂತರೆ ರೊಟ್ಟಿ ಬಡಿಯುವ ಅಕ್ಕ ಒಳಗಿನಿಂದಲೇ "ಬಂದನೇನ ಪೈಲ್ವಾನ?" ಎಂದು ಕೇಳಿ ಇನ್ನಷ್ಟು ಹಿಟ್ಟು ನಾದಲು ಶುರು ಮಾಡುತ್ತಿದ್ದಳು.

ಅವನ ತೂಕದವರು ಕಾಲೇಜಿನಲ್ಲಿ ಇರಲಿಲ್ಲ. ನನ್ನ ತೂಕದವರು ಇದ್ದರು, ಆದರೆ ಬೆಳಿಗ್ಗೆ ಏಳುತ್ತಿರಲಿಲ್ಲ. ಹಾಗಾಗಿ ನಾವಿಬ್ಬರೇ ಜೋಡಿ ಆದೆವು.

ಯುಕ್ತಿ ಇದ್ದರೆ ಶಕ್ತಿ ಬೇಕಿಲ್ಲ, ಸಣ್ಣವನು ದೊಡ್ಡವನನ್ನು ಸುಲಭವಾಗಿ ಕೆಡವಬಹುದು ಅಂತ ಜೂಡೋ ಬಗ್ಗೆ ಎಲ್ಲರೂ ಹೇಳುತ್ತಾರೆ. ಹಾಗಿದ್ದರೆ ತೂಕದ ವಿಭಾಗಗಳು ಯಾಕೆ ಬೇಕಿತ್ತು? ದೊಡ್ಡವನಿಗೂ ವಿದ್ಯೆ ಬರುತ್ತದೆ ಅಂದಮೇಲೆ ತೂಕ ತೂಕವೇ. 1964ರಲ್ಲಿ ಟೋಕಿಯೋದಲ್ಲಿ ಜೂಡೋ ಮೊದಲ ಸಲ ಒಲಿಂಪಿಕ್ಸ್‌ಗೆ ಬಂತು. ತೂಕದ ಮಿತಿ ಇಲ್ಲದ ವಿಭಾಗದ ಫೈನಲ್‌ನಲ್ಲಿ ಜಪಾನಿನ ಕಾಮಿನಾಗಾ ತನ್ನ ದೇಶದ ಜನರ ಮುಂದೆಯೇ ಸೋತ. ಗೆದ್ದವನು ನೆದರ್ಲೆಂಡ್ಸ್‌ನ ಆಂಟನ್ ಗೀಸಿಂಕ್, ಆರೂವರೆ ಅಡಿ ಎತ್ತರದ ಆಳು. ನೆಲದ ಮೇಲೆ ಒತ್ತಿ ಹಿಡಿದು, ಏಳಲು ಬಿಡದೆ ಗೆದ್ದ.

ಆ ಹಿಡಿತ ನನಗೆ ಚೆನ್ನಾಗಿ ಗೊತ್ತು, ಪೈಲ್ವಾನನಿಗೂ ಅದೇ ಇಷ್ಟ. ಒಂದು ಕೈ ನನ್ನ ಕುತ್ತಿಗೆಯ ಸುತ್ತ, ಇನ್ನೊಂದರಲ್ಲಿ ನನ್ನ ತೋಳು, ಅವನ ಪಕ್ಕೆಲುಬು ನನ್ನ ಎದೆಯ ಮೇಲೆ. ಉಸಿರು ಹೊರಗೆ ಹೋಗುತ್ತದೆ, ಒಳಗೆ ಬರುವುದಿಲ್ಲ. ಈಗ 20 ಸೆಕೆಂಡು ಹಾಗೆ ಹಿಡಿದರೆ ಪಂದ್ಯ ಮುಗಿಯುತ್ತದೆ, ಆಗ ಇನ್ನೂ ಜಾಸ್ತಿ ಹಿಡಿಯಬೇಕಿತ್ತು. ಸಣ್ಣ ಸಣ್ಣ ಉಸಿರು ತೆಗೆದುಕೊಂಡು, ಸೊಂಟ ಎತ್ತಿ, ಅವನ ಕಡೆಗೇ ಮಗ್ಗುಲಾಗಬೇಕು. ಆಗದಿದ್ದರೆ ಸೋತೆ ಅಂತ ಗಾದಿಗೆ ಎರಡು ಸಲ ತಟ್ಟಬೇಕು. ನಾನು ತಟ್ಟಿದ್ದೇ ಜಾಸ್ತಿ.

ಆದರೂ ಅವನ ಜೊತೆ ಆಡಿದ್ದರಿಂದಲೇ ನನಗೆ ಜೂಡೋ ಬಂತು ಅನ್ನುತ್ತೇನೆ. ನನ್ನ ತೂಕದವರನ್ನು ಭುಜದ ಮೇಲಿಂದ ಎಸೆಯುವಾಗ ಪಟ್ಟು ಅರ್ಧ ತಪ್ಪಿದ್ದರೂ ಅವರು ಬೀಳುತ್ತಿದ್ದರು. ತೋಳಿನ ಬಲ, ಒಂದಿಷ್ಟು ಜಗ್ಗಾಟ, ಆಯಿತು. ಪೈಲ್ವಾನನ ಮುಂದೆ ಅದು ನಡೆಯುತ್ತಿರಲಿಲ್ಲ. ನನ್ನ ಸೊಂಟ ಅವನ ಬೆಲ್ಟಿಗಿಂತ ಕೆಳಗೆ ಹೋಗದಿದ್ದರೆ ಅವನ ಇಡೀ ಭಾರ ನನ್ನ ಬೆನ್ನುಹುರಿಯ ಮೇಲೆ. ಎಳೆಯುವುದಕ್ಕೆ ಮೊದಲೇ ತಿರುಗಿದರೆ, ಅವನು ಹುಣಸೆಮರದ ಹಾಗೆ ನಿಂತೇ ಇರುತ್ತಿದ್ದ. ಮೊದಲು ಅವನ ತೋಳನ್ನು ಮೇಲಕ್ಕೂ ಮುಂದಕ್ಕೂ ಎಳೆದು ಹಿಮ್ಮಡಿ ನೆಲ ಬಿಡುವಂತೆ ಮಾಡಬೇಕು, ಆಮೇಲೆ ತಿರುಗಬೇಕು. ಈ ತೂಕ ತಪ್ಪಿಸುವುದಕ್ಕೆ ಜಪಾನೀಯರು ಕುಜುಶಿ ಅನ್ನುತ್ತಾರೆ.

ಇನ್ನೊಂದು ತೊಂದರೆ, ಅವನು ಸುಮ್ನೆ ತಳ್ಳುವವನಲ್ಲ. ಮಣ್ಣಿನ ಕುಸ್ತಿಯವರಿಗೆ ಸೊಂಟ ಹಿಂದಿಟ್ಟು, ಮಂಡಿ ಬಗ್ಗಿಸಿ ನಿಲ್ಲುವ ಅಭ್ಯಾಸ. ಅವನ ಹಿಮ್ಮಡಿಗೆ ಒಳಗಿನಿಂದ ಕಾಲು ಹಾಕಿ ಹಿಂದಕ್ಕೆ ಕೆಡವುವಂತೆ ಮಾಡಿದರೆ, ಬೀಳದಿರಲು ಮುಂದಕ್ಕೆ ಭಾರ ಹಾಕುತ್ತಿದ್ದ. ಆ ಕ್ಷಣವೇ ನನ್ನದು. ತಡ ಮಾಡಿದರೆ ಮತ್ತೆ ಬೆಲ್ಟಿನ ಗಂಟು ನೋಡುವ ಕೆಲಸ.

ನನ್ನನ್ನು ಎಸೆಯುವಾಗ ಅವನು ತೋಳು ಬಿಡುತ್ತಿರಲಿಲ್ಲ. ನಾನು ಗಾಳಿಯಲ್ಲಿದ್ದಾಗಲೇ ಅಂಗಿಯ ತೋಳನ್ನು ಮೇಲಕ್ಕೆ ಜಗ್ಗುತ್ತಿದ್ದ, ತಲೆ ಬಡಿಯಬಾರದು ಅಂತ. ಮೈಮೇಲೆ ಬೀಳದಂತೆ ತನ್ನ ಕಾಲನ್ನೂ ಅಗಲಿಸಿ ನಿಲ್ಲುತ್ತಿದ್ದ. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ಬೇಕಂತಲೇ ಸೋತು ಕೊಟ್ಟಿದ್ದು ಮಾತ್ರ ಒಮ್ಮೆಯೂ ಇಲ್ಲ. ಸೋತುಕೊಟ್ಟಿದ್ದರೆ ನಾನು ಇಷ್ಟೊತ್ತಿಗೆ ಅವನನ್ನು ಮರೆತಿರುತ್ತಿದ್ದೆ.

ಸರ್ ಒಂದು ಕಥೆ ಹೇಳುತ್ತಿದ್ದರು. 1882ರಲ್ಲಿ ಟೋಕಿಯೋದ ಬೌದ್ಧ ದೇವಾಲಯವೊಂದರಲ್ಲಿ ಜೂಡೋ ಶಾಲೆ ಶುರು ಮಾಡಿದ ಜಿಗೋರೋ ಕಾನೋ ಕೂಡ ಕುಳ್ಳ, ಸಣಕಲ. ಅದಕ್ಕೂ ಮೊದಲು, ಹಳೆಯ ಜುಜುತ್ಸು ಕಲಿಯುವಾಗ, ಫುಕುಶಿಮಾ ಎಂಬ ದೈತ್ಯ ಅವನ ಜೊತೆಗಾರ. ಏನು ಮಾಡಿದರೂ ಬೀಳುತ್ತಿರಲಿಲ್ಲ. ಕಾನೋ ಸುಮೋ ಪಟ್ಟು ಹಾಕಿ ನೋಡಿದ, ನಡೆಯಲಿಲ್ಲ. ಆಮೇಲೆ ಗ್ರಂಥಾಲಯದಲ್ಲಿ ಪಾಶ್ಚಾತ್ಯ ಕುಸ್ತಿಯ ಪುಸ್ತಕ ಹುಡುಕಿ, ಎದುರಾಳಿಯನ್ನು ಹೆಗಲ ಮೇಲೆ ಹೊತ್ತು ಉರುಳಿಸುವ ಪಟ್ಟು ಕಲಿತು ಅವನನ್ನು ಕೆಡವಿದ. ಅದೇ ಕಾತಾ ಗುರುಮಾ.

ಕಥೆ ಮುಗಿದದ್ದೇ ತಡ, ಪೈಲ್ವಾನ ನಕ್ಕ. "ಸರ್, ಇದು ನಮ್ಮ ಕಲಾಜಂಗ್ ಅಲ್ರೀ?" ಅಂದ. ಗರಡಿಯಲ್ಲಿ ಚಿಕ್ಕಂದಿನಿಂದ ಹಾಕಿದ ಪಟ್ಟು. ಅವತ್ತು ಸಂಜೆ ತಾನೇ ನಿಂತು ನನಗೆ ಕಲಿಸಿದ. ನಾನು ಅವನ ತೊಡೆಯ ನಡುವೆ ಕೈ ಹಾಕಿ ಎತ್ತಲು ಒದ್ದಾಡುತ್ತಿದ್ದರೆ, "ಎತ್ತಬ್ಯಾಡಲೇ, ನನ್ನ ಎತ್ತೂದು ನಿನ್ನಪ್ಪನ ಕಡಿಂದನೂ ಆಗಂಗಿಲ್ಲ. ತೋಳ ಜಗ್ಗಿ ಕೆಳಗ ಕೂಡು. ನಾ ಬೀಳೂ ದಾರ್‍ಯಾಗ ನೀ ಇರು, ಸಾಕು" ಅಂದ. ಕೆಲವು ವಾರಗಳಾದ ಮೇಲೆ, ಅಭ್ಯಾಸದ ಪಂದ್ಯದಲ್ಲಿ, ಹಿಮ್ಮಡಿಗೆ ಕಾಲು ಹಾಕಿದೆ. ಅವನು ಮುಂದಕ್ಕೆ ಭಾರ ಹಾಕಿದ. ನಾನು ಮಂಡಿಯೂರಿ ಕೆಳಗೆ ಕೂತೆ. ಗಾದಿಗಳು ಜೋಡಿದ್ದ ಜಾಗದಲ್ಲಿ ಬಿಟ್ಟುಕೊಂಡವು, ತಾಡಪತ್ರಿಯ ಒಂದು ಹೊಲಿಗೆ ಹರಿಯಿತು. ಸರ್ ಮೊದಲು ನೋಡಿದ್ದು ತಾಡಪತ್ರಿಯನ್ನು.

ಈಗಿನ ನಿಯಮದಲ್ಲಿ ಕೈಯಿಂದ ಕಾಲು ಹಿಡಿಯುವಂತಿಲ್ಲ. 2010ರಲ್ಲಿ ಕಟ್ಟುನಿಟ್ಟು ಶುರುವಾಗಿ, 2013ರ ಹೊತ್ತಿಗೆ ಪೂರ್ತಿ ಬಂದ್ ಆಯಿತು. ಕಾತಾ ಗುರುಮಾ ಹಾಕುವವರು ಕಾಲು ಮುಟ್ಟದೆ, ತೋಳು ಹಿಡಿದೇ ಉರುಳಿಸಬೇಕು. ಇದನ್ನು ಮೊನ್ನೆ ಫೋನಿನಲ್ಲಿ ಪೈಲ್ವಾನನಿಗೆ ಹೇಳಿದೆ. ಅವನೀಗ ಊರಲ್ಲೇ ಹೊಲ ನೋಡಿಕೊಂಡಿದ್ದಾನೆ, ಬೆಳಿಗ್ಗೆ ಹುಡುಗರಿಗೆ ಕುಸ್ತಿ ಕಲಿಸುತ್ತಾನೆ. "ಕಾಲ ಹಿಡೀಬಾರದಂದ್ರ ಅದೇನ್ ಆಟಲೇ ಮಾರಾಯ?" ಎಂದು ಬೈದ. ಈಗ ತೂಕ ಎಷ್ಟು ಅಂತ ಕೇಳಿದೆ. ಸಿಗ್ನಲ್ ಇಲ್ಲ ಅಂದ.