ಪಿಎಚ್‌ಸಿಯಲ್ಲಿದ್ದುಕೊಂಡೇ ಸಂಶೋಧನೆ ಮಾಡಬಹುದೇ?

ಆಲೂರು, ಸಕಲೇಶಪುರ ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ (ಪಿಎಚ್‌ಸಿ) ಬರುವ ಕಿರಿಯ ವೈದ್ಯರು ಪದೇ ಪದೇ ಕೇಳುತ್ತಾರೆ: "ಆಯುರ್ವೇದ, ಯೋಗ ಸೇರಿಸಿಕೊಂಡು ಸಮನ್ವಯ ಚಿಕಿತ್ಸೆಯಲ್ಲಿ ಸಂಶೋಧನೆ ಮಾಡಬೇಕು ಸಾರ್. ಅದಕ್ಕೆ ಬೆಂಗಳೂರಿಗೇ ಹೋಗಬೇಕಾ?"

ಬೇಡ. ಹಾಸನದಲ್ಲಿ ಹಿಮ್ಸ್ ಎಂಬ ಸರ್ಕಾರಿ ಮೆಡಿಕಲ್ ಕಾಲೇಜು ಇದೆ, ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜೂ ಇದೆ. ಎರಡೂ ಪದ್ಧತಿಯ ತಜ್ಞರು ಒಂದೇ ಊರಲ್ಲಿ ಸಿಗುವುದು ದೊಡ್ಡ ಅನುಕೂಲ. ಕಮ್ಯುನಿಟಿ ಮೆಡಿಸಿನ್ ಎಂಡಿ, ಫ್ಯಾಮಿಲಿ ಮೆಡಿಸಿನ್ ಡಿಎನ್‌ಬಿಯಂಥ ಸ್ನಾತಕೋತ್ತರ ಪದವಿಗಳು ಮುಂದೆ ನೆರವಾಗುತ್ತವೆ, ಆದರೆ ಶುರು ಮಾಡಲು ಓಪಿಡಿ ಚೀಟಿಯೇ ಸಾಕು.

"ಬೇರೆ ಔಷಧಿ ತಗೊಳ್ತೀರಾ?" ಎಂದರೆ "ಇಲ್ಲ" ಅನ್ನುವವರೇ ಹೆಚ್ಚು. ಕಷಾಯ, ಚೂರ್ಣ ಅವರ ಲೆಕ್ಕದಲ್ಲಿ ಔಷಧಿಯೇ ಅಲ್ಲ. ಜೊತೆಗೆ ಡಾಕ್ಟರು ಬೈದಾರೆಂಬ ಅಂಜಿಕೆ. "ಕೆಮ್ಮಿಗೆ ಮನೇಲಿ ಏನು ಕುಡಿತಿದೀರ ಅಜ್ಜಿ? ಮುಂದಿನ ಸಲ ಆ ಡಬ್ಬ ತನ್ನಿ" ಅನ್ನಿ. ಡಬ್ಬ ನೋಡಿ ತಯಾರಕರ ಹೆಸರು, ಬ್ಯಾಚ್ ನಂಬರು, ಪದಾರ್ಥಗಳು, ದಿನಕ್ಕೆಷ್ಟು ಚಮಚ, ಯಾವಾಗಿನಿಂದ ಎಂದು ಬರೆದುಕೊಳ್ಳಿ. "ಆಯುರ್ವೇದ" ಎಂದಷ್ಟೇ ಬರೆದ ದಾಖಲೆಯಿಂದ ಮೂರು ಕಾಸಿನ ಪ್ರಯೋಜನವಿಲ್ಲ.

ಕೆಮ್ಮಿನ ಕಷಾಯಕ್ಕೆ ಹಾಕುವ ಜ್ಯೇಷ್ಠಮಧುವನ್ನೇ ತಗೊಳ್ಳಿ. ಅದರಲ್ಲಿರುವ ಗ್ಲಿಸಿರೈಜಿನ್ ದೇಹದಲ್ಲಿ ಉಪ್ಪು ನಿಲ್ಲಿಸುತ್ತದೆ, ಪೊಟ್ಯಾಸಿಯಂ ಹೊರಹಾಕುತ್ತದೆ. ಬಿಪಿಗೆಂದು ಕೊಡುವ ಹಲವು ಮೂತ್ರವರ್ಧಕ ಮಾತ್ರೆಗಳೂ ಪೊಟ್ಯಾಸಿಯಂ ಕಳೆಯುತ್ತವೆ. ವಾರಗಟ್ಟಲೆ ಎರಡೂ ಸೇರಿದರೆ ಬಿಪಿ ಏರಬಹುದು, ಕಾಲು ಸೆಳೆತ, ಸುಸ್ತು ಬರಬಹುದು. ಕಾರಣ ಕಾಣದ ವೈದ್ಯರು ಮಾತ್ರೆಯ ಡೋಸ್ ಏರಿಸುತ್ತಾರೆ, ಪೊಟ್ಯಾಸಿಯಂ ಇನ್ನೂ ಇಳಿಯುತ್ತದೆ. ಈ ಕೊಂಡಿ ಕಾಣುವುದು ಡಬ್ಬ ತರಿಸಿದವರಿಗೆ ಮಾತ್ರ. ಹೀಗೆ ಬರೆದಿಟ್ಟ ಚೀಟಿಗಳಿಂದಲೇ ಒಳ್ಳೆಯ ಪ್ರಶ್ನೆ ಹುಟ್ಟುತ್ತದೆ.

ಮೊದಲ ಅಧ್ಯಯನಕ್ಕೆ ಸರಳವಾದದ್ದನ್ನು ಆರಿಸಿ: ಬಿಪಿ ಮಾತ್ರೆಯ ಜೊತೆ ಯೋಗ. ಒಂದು ಗುಂಪಿಗೆ ಮಾತ್ರೆಯ ಜೊತೆ ಯೋಗ, ಇನ್ನೊಂದಕ್ಕೆ ಬರೀ ಮಾತ್ರೆ. ಎರಡೂ ಗುಂಪಿನವರು ಮಾತ್ರೆ ಬಿಡಬಾರದು. ಸಿಸ್ಟಾಲಿಕ್‌ನಲ್ಲಿ (ಬಿಪಿಯ ಮೇಲಿನ ಅಂಕಿ) 5 ಪಾಯಿಂಟ್ ವ್ಯತ್ಯಾಸ ಹಿಡಿಯಬೇಕು, ವ್ಯಕ್ತಿಯಿಂದ ವ್ಯಕ್ತಿಗೆ ಏರಿಳಿತ 15 ಪಾಯಿಂಟ್ ಎಂದುಕೊಂಡರೆ, 80% ಪವರ್‌ಗೆ (ವ್ಯತ್ಯಾಸ ನಿಜವಾಗಿ ಇದ್ದರೆ ಅದು ಕಣ್ಣಿಗೆ ಬೀಳುವ ಸಾಧ್ಯತೆ) ಗುಂಪಿಗೆ ಸುಮಾರು 142 ಜನ ಬೇಕು. ಐವರಲ್ಲಿ ಒಬ್ಬರು ಬಿಟ್ಟುಹೋಗುತ್ತಾರೆಂದು ಲೆಕ್ಕ ಹಾಕಿದರೆ 178. ಒಂದು ಪಿಎಚ್‌ಸಿಗೆ ಇದು ಭಾರ, ಎರಡು ಮೂರು ಕೇಂದ್ರಗಳು ಕೈಜೋಡಿಸಬೇಕು. 30 ಜನರ ಮೇಲೆ ಮಾಡಿ "ಗುಣ ಕಂಡಿತು" ಅನ್ನುವುದು ರೋಗಿಗಳ ಸಮಯಕ್ಕೆ ಮಾಡುವ ಅನ್ಯಾಯ.

ಎಥಿಕ್ಸ್ ಕಮಿಟಿಯ ಒಪ್ಪಿಗೆ, ಕನ್ನಡದಲ್ಲಿ ಒಪ್ಪಿಗೆ ಪತ್ರ, ಸಿಟಿಆರ್‌ಐ (ದೇಶದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ಪಟ್ಟಿ) ನೋಂದಣಿ, ಮೂರೂ ಮೊದಲ ರೋಗಿಯನ್ನು ಸೇರಿಸುವ ಮುನ್ನವೇ ಆಗಬೇಕು. ಯಾವ ಫಲಿತಾಂಶ ಅಳೆಯುತ್ತೀರೆಂದು ಅಲ್ಲೇ ಬರೆದಿಟ್ಟರೆ ಆಮೇಲೆ ಬದಲಿಸುವ ಆಸೆ ಹುಟ್ಟುವುದಿಲ್ಲ. ಯೋಗದ ಬದಲು ಔಷಧಿಯಾದರೆ ಆಯುರ್ವೇದದಲ್ಲಿ ನೋಂದಾಯಿತ ವೈದ್ಯರು ಸಹ ಸಂಶೋಧಕರಾಗಿ ಜೊತೆಗಿರಲೇಬೇಕು.

ಯೋಗ ಮಾಡುವವರಿಗೆ ತಾವು ಯಾವ ಗುಂಪೆಂದು ಗೊತ್ತಾಗಿಯೇ ತೀರುತ್ತದೆ. ಬಿಪಿ ನೋಡುವ ಸಿಸ್ಟರ್‌ಗೆ ಗೊತ್ತಾಗದಂತೆ ನೋಡಿಕೊಳ್ಳಿ. ಐದು ನಿಮಿಷ ಕೂರಿಸಿ, ಎರಡು ಸಲ ನೋಡಬೇಕು. ಹಿಂದಿನ ಅರ್ಧ ಗಂಟೆ ಕಾಫಿ, ಬೀಡಿ, ಹೊಗೆಸೊಪ್ಪು ಯಾವುದೂ ಇರಬಾರದು. ನಮ್ಮ ಕಡೆ ಕಷ್ಟವೆಂದರೆ ಕಾಫಿಯೇ!

ಹೋಲಿಕೆಯ ಗುಂಪು ಬೇಕೇಬೇಕು. ಬಿಪಿ ಚಳಿಗಾಲದಲ್ಲಿ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಡಿಸೆಂಬರ್‌ನಲ್ಲಿ ಶುರು ಮಾಡಿ ಏಪ್ರಿಲ್‌ನಲ್ಲಿ ಅಳೆದರೆ ಬಿಸಿಲು ಮಾಡಿದ ಕೆಲಸದ ಹೆಸರು ಯೋಗಕ್ಕೆ ಹೋಗುತ್ತದೆ.

ಡಿಸೆಂಬರ್‌ನಲ್ಲಿ ಶುರು ಮಾಡುವುದು ಇನ್ನೊಂದು ಕಾರಣಕ್ಕೂ ಬೇಡ. ಆಗ ಕಾಫಿ ಕೊಯ್ಲು, ತೋಟದ ಕೆಲಸಗಾರರು ಕೂಲಿ ಬಿಟ್ಟು ಪಿಎಚ್‌ಸಿಗೆ ಬರುವುದಿಲ್ಲ. ಆ ತಿಂಗಳುಗಳಲ್ಲಿ ತಪಾಸಣೆ ಬಿದ್ದರೆ ಆಶಾ ಕಾರ್ಯಕರ್ತೆಯ ಜೊತೆ ಸಂಜೆ ತೋಟದ ಕೆಲಸಗಾರರ ಲೈನ್ ಮನೆಗೇ ಹೋಗಿ ಬಿಪಿ ನೋಡಬೇಕು, ಎರಡೂ ಗುಂಪಿನವರದ್ದೂ. ನಡುವೆ ಯೋಗ ನಿಲ್ಲಿಸಿದವರನ್ನೂ ಮೊದಲು ಹಾಕಿದ ಗುಂಪಿನಲ್ಲೇ ಲೆಕ್ಕಕ್ಕೆ ಹಿಡಿಯಿರಿ.